ಮೂವತ್ತೊಂದನೆಯ ಗೆರೆ

ರಾತ್ರಿ ಎರಡೂಕಾಲರ ಹೊತ್ತಿಗೆ ಬಚ್ಚಲುಮನೆಯ ದೀಪದ ಸ್ವಿಚ್ಚು ಟಿಕ್ ಎಂದಿತು.

ಸುಚರಿತಾ ಹಾಸಿಗೆಯಲ್ಲೇ ಕಣ್ಣು ಬಿಟ್ಟಳು. ಮೈಯನ್ನು ಮಾತ್ರ ಅಲುಗಿಸಲಿಲ್ಲ. ಒಂದು ಸಲ ಟಿಕ್ ಎಂದರೆ ಒಂಬತ್ತು ವರ್ಷದ ಮಗಳು ಭುವಿ ನಿದ್ದೆಗಣ್ಣಿನಲ್ಲಿ ಎದ್ದು ಬಚ್ಚಲಿಗೆ ಹೋಗಿದ್ದಾಳೆ, ಅಷ್ಟೆ. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು ಎಂದು ಶುರುವಾದರೆ ಅದರ ಅರ್ಥವೇ ಬೇರೆ. ಎರಡು ವರ್ಷದ ಹಿಂದೆ ಮನೆಯ ನೆಮ್ಮದಿ ಹಾಳಾದದ್ದು ಆ ಸದ್ದಿನಿಂದಲೇ. ಅಂದಿನಿಂದ ಅವಳು ಮಲಗಿದರೂ ಅವಳ ಕಿವಿ ಮಲಗಿದ್ದಿಲ್ಲ.

ಬೆನ್ನಿಗೇ ಎರಡನೆಯದು ಬರಲಿಲ್ಲ. ಮಗ್ಗಿನಿಂದ ನೀರು ಸುರಿದ ಸದ್ದು, ಕಾಲೊರೆಸಿನ ಮೇಲೆ ಪಾದ ಉಜ್ಜಿದ ಸದ್ದು, ಆಮೇಲೆ ದೀಪ ಆರಿಸಿದ ಟಿಕ್. ಭುವಿ ಏನೋ ಗುನುಗುತ್ತಾ ತನ್ನ ಕೋಣೆಯತ್ತ ನಡೆದಳು. ಸುಚರಿತಾ ಉಸಿರು ಬಿಡುವಷ್ಟರಲ್ಲಿ, ಬೆಂಕಿಪೊಟ್ಟಣದೊಳಗೆ ಜೀರುಂಡೆ ಒದ್ದಾಡಿದಂತೆ, ಗುಂಯ್ ಎಂದು ಸಣ್ಣ ಸದ್ದಾಯಿತು. ಭುವಿಯ ತೋಳಿಗೆ ಕಟ್ಟಿದ ಪಟ್ಟಿ ಮದ್ದು ಬಿಟ್ಟಿತ್ತು. ಗುನುಗು ನಡುವೆಯೇ ನಿಂತಿತು.

ಯಾಕೆ ಬಿಟ್ಟಿತು? ಮಗು ಗುನುಗಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಸುಚರಿತಾಗೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಭುವಿಗೆ ಏಳು ವರ್ಷವಾಗಿದ್ದಾಗ ಗಂಟಲು ನೋವು ಬಂದು ಮೂರು ದಿನ ಜ್ವರ ಕಾದಿತ್ತು. ಯಾವ ಮಗುವಿಗೆ ಬರುವುದಿಲ್ಲ? ಜ್ವರ ಬಿಟ್ಟು ಹತ್ತು ದಿನವಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಅವಳ ಹಾಸಿಗೆಯಿಂದ ಬೇರೊಂದು ಮಗು ಎದ್ದು ಬಂತು. ಅನ್ನದಲ್ಲಿ ಗಾಜಿನ ಚೂರಿದೆ ಎಂದು ತಟ್ಟೆ ಎಸೆಯಿತು. ಎಂಜಲು ನುಂಗಲು ಹೆದರಿ ಟವೆಲಿಗೆ ಉಗುಳುತ್ತಾ ಕೂತಿತು. ದೀಪದ ಸ್ವಿಚ್ಚನ್ನು ನಲವತ್ತು ಸಲ ಒತ್ತದಿದ್ದರೆ ಅಪ್ಪ ಸತ್ತುಹೋಗುತ್ತಾರೆ ಎಂದು ಹೆಬ್ಬೆರಳು ಊದುವ ತನಕ ಒತ್ತಿತು. ತಡೆಯಲು ಹೋದ ತಾಯಿಯ ಮುಂಗೈ ಕಚ್ಚಿತು. ಎಡಗೈಯಲ್ಲಿ ದಿನಕ್ಕೊಂದು ಪುಟ ಅಂದವಾಗಿ ಕಾಪಿ ಬರೆಯುತ್ತಿದ್ದವಳ ಅಕ್ಷರ ಒಂದೇ ವಾರದಲ್ಲಿ ಇರುವೆಸಾಲು ಚೆದುರಿದಂತಾಯಿತು.

ಮೊಬೈಲ್ ಜಾಸ್ತಿ ಕೊಟ್ಟದ್ದಕ್ಕೆ ಹೀಗೆ ಎಂದರು ಕೆಲವರು. ಒಬ್ಬಳೇ ಮಗಳೆಂದು ತಲೆಯ ಮೇಲೆ ಕೂರಿಸಿಕೊಂಡದ್ದಕ್ಕೆ ಎಂದರು ಇನ್ನು ಕೆಲವರು. ಗಾಳಿ ಸೋಕಿದೆ ಎಂದವರೂ ಇದ್ದರು. ಎಂಟು ತಿಂಗಳು ಅಲೆದು ಆರು ಡಾಕ್ಟರುಗಳನ್ನು ಕಂಡ ಮೇಲೆ, ಏಳನೆಯವರಾದ ಡಾ. ಪೂವಯ್ಯ ರಕ್ತಪರೀಕ್ಷೆಯ ಹಾಳೆ ಮುಂದಿಟ್ಟುಕೊಂಡು ಬಿಡಿಸಿ ಹೇಳಿದರು. ಗಂಟಲಿನ ರೋಗಾಣುವನ್ನು ಕೊಲ್ಲಲು ಮೈ ತಾನೇ ತಯಾರಿಸಿದ ಪ್ರತಿಕಾಯಗಳು ಮಿದುಳಿನ ಆಳದ ಒಂದು ಭಾಗವನ್ನೂ ರೋಗಾಣುವೆಂದೇ ತಿಳಿದು ಅದರ ಮೇಲೆ ಬಿದ್ದಿವೆ. ಮನಸ್ಸಿಗೆ ಹೊಳೆದದ್ದನ್ನು ಮಾಡಬೇಕೋ ಬಿಡಬೇಕೋ ಎಂದು ತೀರ್ಮಾನವಾಗುವ ಜಾಗ ಅದು. ಮಗು ಹಟಮಾರಿಯಲ್ಲ, ಕಾಯಿಲೆಯ ಮಗು. ಅಂದು ಸುಚರಿತಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಒಂದು ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನವೂ ಆ ಅಳುವಿನಲ್ಲಿತ್ತು.

ಪೂವಯ್ಯನವರ ಸಂಶೋಧನಾ ಕೇಂದ್ರ ಮೈಸೂರಿನ ರಿಂಗ್ ರೋಡಿನಾಚೆ ಇತ್ತು. ಅಲ್ಲಿ ತಯಾರಾದದ್ದು ಆ ಪಟ್ಟಿ. ಎರಡು ಬೆರಳಗಲ, ಒಳಗೆ ಕೂದಲಿಗಿಂತ ತೆಳುವಾದ ಸೂಜಿ, ಮದ್ದಿನ ಸಣ್ಣ ಡಬ್ಬಿ. ಎದೆಬಡಿತ, ಕೈಯ ಅಲುಗಾಟ, ಸುತ್ತಲಿನ ಸದ್ದು ಮೂರನ್ನೂ ಅದು ಗಮನಿಸುತ್ತಿರುತ್ತದೆ. ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಬರೆಯುವ ಕೈಯಲ್ಲಾದ್ದರಿಂದ ಭುವಿಗೆ ಎಡತೋಳಿಗೆ ಕಟ್ಟಿದ್ದರು. ಕೆರಳುವ ಸುಳಿವು ಸಿಕ್ಕ ಕೂಡಲೇ ಪಟ್ಟಿ ಒಂದು ಹನಿ ಬಿಡುತ್ತದೆ. ಆ ಹನಿ ಮಿದುಳಿನ ಆ ಜಾಗದ ಮೇಲೆ ಆರು ಗಂಟೆ ಹೊದಿಕೆಯಂತೆ ಕೂತು ಪ್ರತಿಕಾಯಗಳನ್ನು ತಡೆಯುತ್ತದೆ.

"ಮಳೆಗೆ ಕೊಡೆ ಹಿಡಿದ ಹಾಗಮ್ಮ" ಎಂದಿದ್ದರು ಪೂವಯ್ಯ.

ಕೊಡೆಯ ಕೆಳಗೆ ಬಿಸಿಲೂ ಬರುವುದಿಲ್ಲ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಯಾವುದು ಸುಳಿವು, ಯಾವುದಲ್ಲ ಎಂದು ಪಟ್ಟಿಗೆ ಕಲಿಸುವವರು ಬೇಕಿತ್ತು. ಈ ಕಾಯಿಲೆಯ ಮೊದಲ ಸುಳಿವು ಡಾಕ್ಟರಿಗೆ ಕಾಣುವುದಿಲ್ಲ, ತಾಯಿಗೆ ಕಾಣುತ್ತದೆ ಎಂಬುದು ಪೂವಯ್ಯನವರ ನಂಬಿಕೆ. ಹಾಗಾಗಿ ಪಟ್ಟಿ ಕಟ್ಟಿಸಿಕೊಂಡ ಮಕ್ಕಳ ತಾಯಂದಿರಲ್ಲೇ ಒಂಬತ್ತು ಜನರನ್ನು ವೀಕ್ಷಕಿಯರೆಂದು ಕೆಲಸಕ್ಕೆ ಸೇರಿಸಿಕೊಂಡರು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಸುಚರಿತಾ ಅದನ್ನು ಬಿಟ್ಟು ಏಳನೆಯ ವೀಕ್ಷಕಿಯಾದಳು.

ಮಾನಿಟರ್ ರೂಮಿನ ಗೋಡೆಯ ಮೇಲೆ ನಲವತ್ತೆರಡು ಗೆರೆಗಳು ಹರಿಯುತ್ತಿದ್ದವು, ಮಗುವಿಗೊಂದು. ಕಂಪ್ಯೂಟರಿಗೆ ಅನುಮಾನ ಬಂದ ಇಪ್ಪತ್ತು ಸೆಕೆಂಡಿನ ತುಣುಕು ವೀಕ್ಷಕಿಯ ಮುಂದೆ ಬರುತ್ತದೆ. ಅದರಲ್ಲಿ ಮುಖ ಕಾಣುವುದಿಲ್ಲ. ಮಾತನ್ನೂ ಕಲಸಿಬಿಟ್ಟಿರುತ್ತಾರೆ, ದನಿಯ ಏರಿಳಿತವಷ್ಟೇ ಉಳಿದಿರುತ್ತದೆ. ಕೇಳಿ, ಕೆರಳಿದೆ ಎನ್ನಿಸಿದರೆ ಕೆಂಪು ಗುಂಡಿ, ಶಾಂತವಾಗಿದೆ ಎನ್ನಿಸಿದರೆ ಹಸಿರು. ಒತ್ತಿದ್ದನ್ನು ನೋಡಿ ಕಂಪ್ಯೂಟರು ಕಲಿಯುತ್ತದೆ. ಮುಂದಿನ ಸಲ ಆ ಗೆರೆಯಲ್ಲಿ ಅಂಥದ್ದೇ ಬಂದರೆ ಯಾರನ್ನೂ ಕೇಳದೆ ಮದ್ದು ಬಿಡಿಸುತ್ತದೆ. ಅನುಮಾನ ಬಂದರೆ ಕೆಂಪೇ ಒತ್ತಿ ಎಂದು ಹೇಳಿದ್ದರು. ಇನ್ನು ಎರಡು ನಿಯಮಗಳಿದ್ದವು. ಯಾವ ಗೆರೆ ಯಾವ ಮಗುವಿನದೆಂದು ಡಾಕ್ಟರಿಗೂ ತಿಳಿಯಬಾರದು. ಯಾವ ತಾಯಿಗೂ ಅವಳ ಮಗುವಿನ ಗೆರೆ ಬರಬಾರದು.

ಪಕ್ಕದ ಕುರ್ಚಿಯ ನಿಖತ್, ಬಾಯಿ ತುಂಬ ಮಾತಾಡುವವಳು. ಅವಳ ಮಗ ಜುನೈದನಿಗೂ ಇದೇ ಕಾಯಿಲೆ. "ನನ್ನ ಕೈ ಎಲ್ಲಿಗೆ ಬಂದಿದೆ ಗೊತ್ತಾ ಸುಚ್ಚಿ" ಎಂದಿದ್ದಳು ಒಮ್ಮೆ, "ಮನೇಲಿ ಕುಕ್ಕರ್ ವಿಷಲ್ ಹೊಡೆದ್ರೂ ಕೆಂಪು ಗುಂಡಿ ಹುಡುಕುತ್ತೆ." ಇಬ್ಬರೂ ನಕ್ಕಿದ್ದರು.

ಗುನುಗು ನಿಂತ ಆ ರಾತ್ರಿ ಕಳೆದು ಬೆಳಗಾದ ಭಾನುವಾರ, ಅತ್ತೆ ದೇವೀರಮ್ಮ ಸೊಪ್ಪು ಸೋಸುತ್ತಾ ಸೊಸೆಯನ್ನು ಕರೆದರು.

"ಏನವ್ವ, ಕೂಸು ಬೊಂಬೆ ಆಗ್ಬುಟ್ಟದಲ್ಲ. ಮೊದ್ಲು ಮೆಟ್ಲಿಳಿಯುವಾಗ ಕಡೇ ಎರಡು ಮೆಟ್ಲು ಹಾರಿ ಸಂಪಿನ ಮುಚ್ಚಳದ ಮ್ಯಾಲೆ ಢಣ್ ಅಂತ ಬೀಳೋಳು. ನನ್ನ ಎದೆ ಒಡೆದೋಗೋದು. ಈಗ ಕಂಬಿ ಹಿಡ್ಕಂಡು ಇಳೀತಾಳೆ. ನಂಗೂ ಅವಳ್ಗೂ ಏನವ್ವ ವ್ಯತ್ಯಾಸ?"

ಕಚ್ಚುವುದಕ್ಕಿಂತ ಇದು ಮೇಲಲ್ಲವೇ ಎಂದಳು ಸುಚರಿತಾ. ಬಸ್ ಡಿಪೋದಲ್ಲಿ ಮೇಲ್ವಿಚಾರಕನಾಗಿದ್ದ ಗಂಡ ಮಧುಕರ ಪೇಪರಿನಿಂದ ತಲೆಯೆತ್ತದೆಯೇ ಅದನ್ನೇ ಹೇಳಿದ. ಮಗು ಉಣ್ಣುತ್ತಿದೆ, ಮಲಗುತ್ತಿದೆ, ಶಾಲೆಗೆ ಹೋಗುತ್ತಿದೆ. ಇನ್ನೇನು ಬೇಕು, ಕೆದಕಬೇಡಿ. ಭುವಿ ಊಟದ ಮೇಜಿನಲ್ಲಿ ಕಾಪಿ ಬರೆಯುತ್ತಿದ್ದಳು. ಅಕ್ಷರ ಮತ್ತೆ ದುಂಡಗಾಗಿತ್ತು. ಅಚ್ಚು ಹಾಕಿದಷ್ಟು ದುಂಡಗೆ. ಮೂರು ತಿಂಗಳಿನಿಂದ ಒಂದು ಕೊಂಬೂ ಹೆಚ್ಚು ಉದ್ದವಾಗಿರಲಿಲ್ಲ.

ಸೋಮವಾರ ಮಾನಿಟರ್ ರೂಮಿನಲ್ಲಿ ಸುಚರಿತಾಳ ಮುಂದೆ ಮೂವತ್ತೊಂದನೆಯ ಗೆರೆಯ ತುಣುಕು ಬಂತು. ಆ ಮಗುವಿಗೆ ದಿನಕ್ಕೆ ನಾಲ್ಕು ಹನಿ ಹೋಗುತ್ತಿತ್ತು. ಯಾವಾಗಲೂ ಕೊಡೆಯ ಕೆಳಗೇ ಇತ್ತು ಎಂದಾಯಿತು. ಅನುಮಾನವಿದ್ದರೆ ಹಳೆಯ ತುಣುಕುಗಳನ್ನು ಕೇಳಿ ನೋಡಬಹುದಿತ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ನಾಲ್ಕು ತಿಂಗಳ ಹಿಂದಿನದನ್ನು ತೆರೆದಳು.

ಮೆಟ್ಟಿಲಿಳಿಯುವ ಪಾದಗಳು. ಹನ್ನೆರಡು ಹೆಜ್ಜೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಬ್ಬಿಣದ ಮೇಲೆ ಢಣ್, ಅದರ ಹಿಂದೆಯೇ ಒಂದು ಕಿರುಚು.

ಅವಳ ಮನೆಯ ಮೆಟ್ಟಿಲು ಹದಿನಾಲ್ಕು.

ಮತ್ತೊಮ್ಮೆ ಕೇಳಿದಳು. ಅದು ಕಿರುಚಲ್ಲ, ನಗು. ಪರದೆಯ ಮೂಲೆಯಲ್ಲಿ ಅಂದು ಒತ್ತಿದ ಗುಂಡಿಯ ದಾಖಲೆಯಿತ್ತು: ಕೆಂಪು. ವೀಕ್ಷಕಿ ಏಳು.

ಹೀಗಾಗಲು ಹೇಗೆ ಸಾಧ್ಯ ಎಂದು ಯೋಚಿಸಿದವಳಿಗೆ ಪಟ್ಟಿ ಕಟ್ಟಿಸುವಾಗ ತುಂಬಿದ ಅರ್ಜಿ ನೆನಪಾಯಿತು. ಪೋಷಕರ ಹೆಸರಿಗೆ ಅದರಲ್ಲಿ ಒಂದೇ ಸಾಲಿತ್ತು. ಶಾಲೆ, ಬ್ಯಾಂಕು, ರೇಷನ್ ಕಾರ್ಡು ಎಲ್ಲದಕ್ಕೂ ಬರೆದಂತೆ ಅದರಲ್ಲೂ ಗಂಡನ ಹೆಸರನ್ನೇ ಬರೆದಿದ್ದಳು, ತನ್ನ ಕೈಯಾರೆ. ಅವಳು ಭುವಿಯ ತಾಯಿಯೆಂದು ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ.

ಒಂದೊಂದಾಗಿ ಉಳಿದವನ್ನೂ ಕೇಳಿದಳು. ಢಣ್, ಕೆಂಪು. ಢಣ್, ಕೆಂಪು. ಕೆಲವು ಅವಳೇ ಒತ್ತಿದ್ದು, ಕೆಲವು ನಿಖತ್, ಕೆಲವು ಬೇರೆಯವರು. ಬಳಿಕ ಬಂದದ್ದು ಹನ್ನೆರಡು ಹೆಜ್ಜೆ, ಒಂದು ಗಳಿಗೆಯ ಮೌನ, ಆಮೇಲೆ ಮೆಲ್ಲಗೆ ಹದಿಮೂರು, ಹದಿನಾಲ್ಕು. ಅದಕ್ಕೆ ಹಸಿರು. ಅಲ್ಲಿಂದ ಮುಂದೆ ಆ ಗಳಿಗೆಯ ಮೌನವೂ ಇರಲಿಲ್ಲ.

ಅವಳಿಗೆ ಎಲ್ಲ ಅರ್ಥವಾಯಿತು. ವರ್ಷಗಟ್ಟಲೆ ಏರಿದ ದನಿ ಕೇಳಿದಾಗೆಲ್ಲ ಕೇಡನ್ನೇ ಕಂಡ ಒಂಬತ್ತು ಹೆಂಗಸರು ಅಲ್ಲಿ ಕೂತಿದ್ದರು. ಮಾತು ಕಲಸಿಹೋದ ಮೇಲೆ ನಗುವಿಗೂ ಚೀರಾಟಕ್ಕೂ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ. ಯಂತ್ರ ಕಲಿತದ್ದು ಕಾಯಿಲೆಯನ್ನಲ್ಲ, ಅವರ ಹೆದರಿಕೆಯನ್ನು.

ಅಂದು ಸಂಜೆ ಪೂವಯ್ಯನವರ ಕೋಣೆಗೆ ಹೋಗಿ ಸುತ್ತುಬಳಸಿ ಕೇಳಿದಳು: ವೀಕ್ಷಕಿಯರೇ ತಪ್ಪು ಒತ್ತಿದ್ದರೆ ಏನು ಮಾಡುತ್ತೀರಿ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಾದರೆ ಪ್ರಯೋಗ ನಿಲ್ಲಿಸಬೇಕಾಗುತ್ತದೆ ಎಂದರು. ನಲವತ್ತೆರಡು ಪಟ್ಟಿಗಳನ್ನೂ ಬಿಚ್ಚಬೇಕು, ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು, ಕಡಿಮೆಯೆಂದರೂ ಆರು ತಿಂಗಳು. ಬಿಚ್ಚಿದರೆ ಮಕ್ಕಳ ಗತಿಯೇನು ಎಂದಳು.

"ಒಂದೇ ಸಲ ತೆಗೆದ್ರೆ ಕಷ್ಟ. ತಿಂಗಳುಗಟ್ಟಲೆ ಮುಚ್ಚಿಟ್ಟ ಜಾಗ ಅದು. ಕಾಯಿಲೆ ಮೊದಲಿಗಿಂತ ಜೋರಾಗಿ ಮೇಲೆ ಬೀಳುತ್ತೆ. ಸ್ವಲ್ಪ ಸ್ವಲ್ಪ ತೆಗೀಬೇಕು, ಆದ್ರೆ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಯಾಕೆ ಕೇಳಿದ್ರಿ?"

"ಸುಮ್ನೆ ಸರ್" ಎಂದಳು ಸುಚರಿತಾ.

ಸ್ವಲ್ಪ ಸ್ವಲ್ಪ. ಆ ಮಾತು ಬಸ್ಸಿನಲ್ಲಿ ಮನೆಯವರೆಗೂ ಅವಳ ಜೊತೆ ಬಂತು.

ಮರುದಿನದಿಂದ ಮೂವತ್ತೊಂದನೆಯ ಗೆರೆಗೆ ಅವಳು ಹಸಿರು ಒತ್ತತೊಡಗಿದಳು. ಆ ಗೆರೆಯ ಅನುಮಾನದ ತುಣುಕುಗಳು ಹೆಚ್ಚಾಗಿ ಅವಳಿಗೇ ಬರುತ್ತಿದ್ದವು. ಬಾರದಿದ್ದರೆ ನಿಖತ್ ಟೀ ಕುಡಿಯಲು ಎದ್ದಾಗ ಅವಳ ಕುರ್ಚಿಗೆ ಜರುಗಿ ಒತ್ತುತ್ತಿದ್ದಳು. ಉಳಿದ ನಲವತ್ತೊಂದಕ್ಕೆ ಮೊದಲಿನಂತೆಯೇ ಕೆಂಪು. ಎಲ್ಲ ಗೆರೆಗಳೂ ಒಟ್ಟಿಗೆ ಬದಲಾದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಜುನೈದ್ ಈಗ ತಂಗಿಯೊಡನೆ ಜಗಳವಾಡುವುದಿಲ್ಲ, ಹೇಳಿದ ಕಡೆ ಕೂರುತ್ತಾನೆ, ಅಲ್ಲಾಹನ ದಯೆ ಎಂದು ನಿಖತ್ ಹೇಳಿದಾಗ ಸುಚರಿತಾ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಅವಳ ಡಬ್ಬಿಯಿಂದ ಒಂದು ತುಂಡು ಖರ್ಜೂರ ತೆಗೆದುಕೊಂಡಳು.

ಹನಿಗಳು ನಾಲ್ಕರಿಂದ ಮೂರಕ್ಕೆ, ಎರಡಕ್ಕೆ ಇಳಿದವು. ಐದು ವಾರ, ಇನ್ನೂರಕ್ಕೂ ಹೆಚ್ಚು ಹಸಿರು. ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಭುವಿ ಮತ್ತೆ ಆಡಲು ಹೊರಟಳು. ಅಡುಗೆಮನೆಯಲ್ಲಿ ಸುಚರಿತಾ ಎಣಿಸುತ್ತಿದ್ದಳು. ಹನ್ನೆರಡು. ಒಂದು ಗಳಿಗೆ. ಢಣ್.

"ಅಯ್ಯೋ ನಿನ್ ಮನೆ ಹಾಳಾಗ" ಎಂದು ದೇವೀರಮ್ಮ ಎದೆ ಹಿಡಿದುಕೊಂಡರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಟ್ಟಿ ಸುಮ್ಮನಿತ್ತು.

ಅಂದು ರಾತ್ರಿ ಜಡೆ ಹಾಕಿಸಿಕೊಳ್ಳುತ್ತಾ, ತಾಯಿಗೆ ಬೆನ್ನು ಕೊಟ್ಟು ಕೂತಿದ್ದ ಭುವಿ ಕೇಳದೆಯೇ ಹೇಳಿದಳು.

"ಅಮ್ಮ, ಗುಂಯ್ ಅಂದಾಗ ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ. ಇಲ್ಲೇ ಇರ್ತಿದ್ದೆ. ನಗು ಬರೋದು, ಅಷ್ಟರಲ್ಲಿ ಯಾರೋ ಹೊರಗಿಂದ ಚಿಲಕ ಹಾಕಿದ ಹಾಗಾಗೋದು. ನೀವೆಲ್ಲ ಮಾತಾಡೋದು ಕೇಳಿಸ್ತಿತ್ತು."

ಸುಚರಿತಾಳ ಬೆರಳು ಜಡೆಯಲ್ಲೇ ನಿಂತಿತು.

"ಮತ್ತೆ ಹಂಗೆ ಮಾಡಿಸ್ಬೇಡ. ಭಾಷೆ ಕೊಡು." ಭುವಿ ತಿರುಗದೆಯೇ ಅಂಗೈ ಹಿಂದಕ್ಕೆ ಚಾಚಿದಳು. ಸುಚರಿತಾ ಅದರ ಮೇಲೆ ತನ್ನ ಕೈಯಿಟ್ಟಳು.

ಮುಂದಿನ ವಾರ ಶಾಲೆಯಲ್ಲಿ ಗಂಟಲು ನೋವು ಹರಡಿತು. ತರಗತಿಯಲ್ಲಿ ಹನ್ನೊಂದು ಮಕ್ಕಳು ರಜೆ. ಸುಚರಿತಾ ಮಗಳನ್ನು ಮನೆಯಲ್ಲೇ ಇರಿಸಿಕೊಂಡಳು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡಿದಳು, ದಿನಕ್ಕೆ ನಾಲ್ಕು ಸಲ ಟಾರ್ಚ್ ಹಿಡಿದು ಗಂಟಲು ನೋಡಿದಳು. ಸ್ವಲ್ಪ ಕೆಂಪಗಿತ್ತು. ಇತ್ತೋ ಇಲ್ಲವೋ ಎನ್ನುವಷ್ಟು. ಜ್ವರ ಬರಲಿಲ್ಲ.

ಮಗಳನ್ನು ಮನೆಯಲ್ಲಿರಿಸಿಕೊಂಡ ಒಂಬತ್ತನೆಯ ರಾತ್ರಿ ಸ್ವಿಚ್ಚು ಟಿಕ್ ಎಂದಿತು. ಮತ್ತೆ ಟಿಕ್. ಮತ್ತೆ.

ಅವಳು ಬಚ್ಚಲ ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಒಂಬತ್ತಾಗಿತ್ತು. ಭುವಿಯ ಎಡಗೈ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ಪಟ್ಟಿ ಗುಂಯ್ ಎನ್ನಲಿಲ್ಲ. ಮೂವತ್ತೊಂದನೆಯ ಗೆರೆ ಏನು ಮಾಡಿದರೂ ಶಾಂತವೇ ಎಂದು ಅದಕ್ಕೆ ಕಲಿಸಿಟ್ಟವಳು ಅವಳೇ. ದೀಪ ಸರಿಯಾಗಿ ಆರುತ್ತಿರಲಿಲ್ಲ ಎಂದಳು ಭುವಿ. ಬೆಳಿಗ್ಗೆ ಮತ್ತೆ ಕೇಳಿದಾಗ ಎರಡೇ ಸಲ ಒತ್ತಿದ್ದು ಎಂದಳು. ತಟ್ಟೆಯಲ್ಲಿದ್ದ ದೋಸೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಒತ್ತಿ ನೋಡಿ ತಿನ್ನುತ್ತಿದ್ದಳು.

"ಪಟ್ಟಿಗೆ ಹೇಳ್ತೀಯಾ ಅಮ್ಮ?"

ಸುಚರಿತಾ ಇನ್ನೊಂದು ದೋಸೆ ತಟ್ಟೆಗೆ ಹಾಕಿದಳು. ಭುವಿ ಅವಳ ಮುಖವನ್ನೇ ನೋಡುತ್ತಿದ್ದಳು. ತಾಯಿ ಎರಡು ವರ್ಷದಿಂದ ಮಗಳ ಮುಖವನ್ನು ನೋಡುತ್ತಿದ್ದಂತೆಯೇ.

ಮಧ್ಯಾಹ್ನ ಆ ತುಣುಕು ಅವಳ ಮೇಜಿಗೆ ಬಂತು. ಒಂಬತ್ತು ಟಿಕ್. ಅದರಲ್ಲಿ ನಗುವಿರಲಿಲ್ಲ, ಆಟವಿರಲಿಲ್ಲ. ಈ ಸಲ ಕಿವಿಗೆ ಯಾವ ಗೊಂದಲವೂ ಆಗಲಿಲ್ಲ. ಬೆರಳು ಕೆಂಪು ಗುಂಡಿಯ ಮೇಲೆ ನಿಂತಿತು. ಇನ್ನೂರು ಹಸಿರಿನ ಮೇಲೆ ಒಂದು ಕೆಂಪು ಬಿದ್ದರೆ ಕಂಪ್ಯೂಟರು ಅದನ್ನು ನೇರ ಡಾಕ್ಟರ ಮೇಜಿಗೆ ಕಳಿಸುತ್ತದೆ. ಅವರು ಹಳೆಯದನ್ನೆಲ್ಲ ತೆರೆಯುತ್ತಾರೆ. ಆಮೇಲೆ ಒಂದೋ ಪಟ್ಟಿ ಬಿಚ್ಚುತ್ತಾರೆ, ಇಲ್ಲವೇ ಭುವಿ ಮತ್ತೆ ಚಿಲಕದೊಳಗೆ. ಒಂದೇ ರಾತ್ರಿಯದಲ್ಲವೇ ಎಂದುಕೊಂಡಳು. ಗಂಟಲು ವಾಸಿಯಾದರೆ ಇದೂ ಹೋದೀತು. ಹಸಿರು ಒತ್ತಿದಳು.

ಆ ರಾತ್ರಿ ಸದ್ದಾಗಲಿಲ್ಲ. ಮರುರಾತ್ರಿಯೂ ಆಗಲಿಲ್ಲ. ಗೋಡೆಯ ಮೇಲೆ ಮೂವತ್ತೊಂದನೆಯ ಗೆರೆ ಹಾಸಿಟ್ಟ ದಾರದಂತೆ ನೇರವಾಗಿ ಹರಿಯಿತು. ಪೂವಯ್ಯ ಅದರ ಮುಂದೆ ನಿಂತು, ಹನಿಯೂ ಬೇಡ, ಕೆರಳುವುದೂ ಇಲ್ಲ, ಈ ಮಗು ವಾಸಿಯಾದ ಹಾಗೇ ಕಾಣುತ್ತದೆ ಎಂದರು. ಹೋಗುವಾಗ ಭುವಿ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದಳು ಸುಚರಿತಾ.

ಮೂರನೆಯ ರಾತ್ರಿ ಅವಳಿಗೆ ಎಚ್ಚರವಾಯಿತು. ಯಾವ ಸದ್ದೂ ಇರಲಿಲ್ಲ. ಆದರೆ ಬೀರುವಿನ ಕನ್ನಡಿಯಲ್ಲಿ ಬೆಳಕಿನ ಒಂದು ಗೀಟು ಮೂಡಿತು, ಆರಿತು, ಮೂಡಿತು.

ಬರಿಗಾಲಲ್ಲಿ ನಡುಮನೆ ದಾಟಿ ಬಚ್ಚಲ ಬಾಗಿಲ ಸಂದಿಯಿಂದ ನೋಡಿದಳು. ಭುವಿ ಗೋಡೆಗೆ ಒರಗಿ ನಿಂತಿದ್ದಳು. ಪಟ್ಟಿ ಕಟ್ಟಿದ ಎಡತೋಳನ್ನು, ನಿದ್ದೆಹೋದ ಹಸುಗೂಸನ್ನು ಅವಚಿಕೊಂಡಂತೆ, ಎದೆಗೆ ಒತ್ತಿ ಹಿಡಿದಿದ್ದಳು. ಅದು ಚೂರೂ ಅಲುಗುತ್ತಿರಲಿಲ್ಲ. ಅವಳು ಯಾವ ಕೆಲಸಕ್ಕೂ ಬಳಸದ ಬಲಗೈಯ ಹೆಬ್ಬೆರಳು ಸ್ವಿಚ್ಚನ್ನು ಒಂದೊಂದು ಕೂದಲಿನಷ್ಟೇ ತಳ್ಳುತ್ತಾ ಸದ್ದಿಲ್ಲದೆ ಮೇಲೆತ್ತುತ್ತಿತ್ತು, ಸದ್ದಿಲ್ಲದೆ ಕೆಳಗಿಳಿಸುತ್ತಿತ್ತು. ಉಸಿರನ್ನೂ ಸಮವಾಗಿ ಬಿಡುತ್ತಿದ್ದಳು. ತುಟಿ ಮಾತ್ರ ಎಣಿಸುತ್ತಿತ್ತು.

ಒಳಗೆ ಹೋಗಲು ಸುಚರಿತಾ ಒಂದು ಕಾಲು ಮುಂದಿಟ್ಟಳು. ಪಟ್ಟಿಗೆ ತಿಳಿಯದಂತೆ ಮಾಡಲು ಕಲಿತವಳು, ತಾಯಿ ಕಂಡಳೆಂದು ಗೊತ್ತಾದರೆ ತಾಯಿಗೂ ಕಾಣದ ಜಾಗ ಹುಡುಕುತ್ತಾಳೆ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು ಬಂದು ಮಲಗಿದಳು.

ಕನ್ನಡಿಯಲ್ಲಿ ಬೆಳಕು ಮೂಡಿ ಆರುತ್ತಿತ್ತು. ಅವಳೂ ಎಣಿಸತೊಡಗಿದಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ನಲವತ್ತಕ್ಕೆ ನಿಲ್ಲಲಿಲ್ಲ.

ಮಧುಕರ ಮಗ್ಗುಲಾಗಿ, ಕಣ್ಣು ಬಿಡದೆಯೇ, ಏನಾದರೂ ಸದ್ದಾಯಿತೇ ಎಂದು ಕೇಳಿದ.

"ಇಲ್ಲ" ಎಂದಳು. ಅದು ನಿಜವೇ ಆಗಿತ್ತು. "ಮಲ್ಕೊಳ್ಳಿ."

ಶುಕ್ರವಾರ ಕೇಂದ್ರಕ್ಕೆ ಕೊಡಬೇಕಾದ ಹಾಳೆಯಲ್ಲಿ 'ಮನೆಯಲ್ಲಿ ಕಂಡದ್ದು' ಎಂಬ ಒಂದು ಸಾಲಿತ್ತು. ಅದನ್ನು ಖಾಲಿ ಬಿಡುವುದೆಂದು ಆಗಲೇ ನಿರ್ಧರಿಸಿದಳು. ಪೂವಯ್ಯನವರಿಗೆ ಹೇಳುವುದಿಲ್ಲ, ನಿಖತ್‌ಗೆ ಹೇಳುವುದಿಲ್ಲ. ಸಂಪಿನ ಮುಚ್ಚಳದ ಸದ್ದಿಗಾಗಿ ದಿನವೂ ಬಾಗಿಲಲ್ಲಿ ಕೂರುವ ಅತ್ತೆಗಂತೂ ಹೇಳುವುದಿಲ್ಲ. ಪಕ್ಕದಲ್ಲಿ ಗಂಡನ ಗೊರಕೆ ಶುರುವಾಯಿತು. ಅದನ್ನೊಮ್ಮೆ ಕಿವಿಗೊಟ್ಟು ಕೇಳಿ, ಅವನು ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಅವನಿಗೂ ಹೇಳುವುದಿಲ್ಲ ಎಂದುಕೊಂಡು, ಅವಳು ಮತ್ತೆ ಕನ್ನಡಿಯತ್ತ ತಿರುಗಿದಳು.